ಸೋಲ್ಮೆ ಅತ್ತಿಗೆ ಒಳಗೆ ತಂದ ಗಿಡಗಳು

ನಮ್ಮ ಊರು ಗಾಲ್ಗೋಲಿನಲ್ಲಿ ಯಾರ ಮನೆಯ ಬಾಗಿಲಿಗೆ ಹುಲ್ಲಿನ ಹಗ್ಗ ಕಟ್ಟಿದರೂ ಸೋಲ್ಮೆ ಅತ್ತಿಗೆ ಆ ಓಣಿಯನ್ನೇ ಬಿಟ್ಟು ಹೊಳೆಯ ದಂಡೆಯ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ತಲೆಯ ಮೇಲೆ ಒಗೆದ ಬಟ್ಟೆಯ ಬುಟ್ಟಿ ಇರಲಿ, ಬೆನ್ನ ಮೇಲೆ ಸೌದೆಯ ಹೊರೆ ಇರಲಿ, ಸುತ್ತು ತಪ್ಪುತ್ತಿರಲಿಲ್ಲ. ಮಗು ಹುಟ್ಟಿದ ಮನೆಗೆ ಕಟ್ಟುವ ಹಗ್ಗ ಅದು. ಬೇರೆ ಹಗ್ಗಗಳಂತೆ ಬಲಕ್ಕಲ್ಲ, ಎಡಕ್ಕೆ ಹೊಸೆದಿರಬೇಕು. ಗಂಡು ಮಗುವಾದರೆ ಇದ್ದಿಲಿನ ಜೊತೆ ಕೆಂಪು ಮೆಣಸಿನಕಾಯಿ ಸಿಕ್ಕಿಸಬೇಕು, ಹೆಣ್ಣಾದರೆ ಪೈನ್ ಮರದ ಚಿಗುರು. ಮೂರು ವಾರ ಮನೆಯವರ ಹೊರತು ಇನ್ನಾರೂ ಅದನ್ನು ದಾಟುವಂತಿಲ್ಲ. ಗಂಡ ಸತ್ತವಳು, ಹೆರದವಳು ಅದರ ಹತ್ತಿರ ಸುಳಿಯುವಂತೆಯೂ ಇಲ್ಲ. ಅತ್ತಿಗೆ ಎರಡೂ ಆಗಿದ್ದರು. ಇದನ್ನು ಅವರಿಗೆ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಇಂಥವನ್ನು ಹೇಳದೆಯೇ ತಿಳಿಸುವ ಕಲೆ ನಮ್ಮೂರಲ್ಲಿ ಎಲ್ಲರಿಗೂ ಕರಗತ.

ನಾನು ಡಾಲ್ಸು, ಊರಿನ ಗಿರಣಿಯವನು. ಸುತ್ತಲ ಬೆಟ್ಟಗಳ ಮೆಣಸಿನಕಾಯಿಯೆಲ್ಲ ನನ್ನಲ್ಲೇ ಪುಡಿಯಾಗುವುದು, ಹಾಗಾಗಿ ವರ್ಷದಲ್ಲಿ ಮೂರು ತಿಂಗಳು ನನ್ನ ರೆಪ್ಪೆ ಕೆಂಪು, ಮೂಗು ಸೋರುವುದು ತಪ್ಪಿದ್ದಲ್ಲ. ಅತ್ತಿಗೆಯ ಗಂಡ ಇನ್‌ಬೋಕ್ ನನ್ನ ದೊಡ್ಡಪ್ಪನ ಮಗ. ಸೋಲ್ಮೆ ಎನ್ನುವುದು ಅತ್ತಿಗೆಯ ಹೆಸರಲ್ಲ, ಅವರ ತವರೂರು, ಘಟ್ಟ ಹತ್ತಿ ಇಳಿದರೆ ಆಚೆ ಸಿಗುತ್ತದೆ. ಮದುವೆಯಾಗಿ ಬಂದ ಹೆಂಗಸನ್ನು ನಾವು ತವರೂರಿನಿಂದಲೇ ಕರೆಯುವುದು. ಮಗುವಾದ ಮೇಲೆ ಅವಳು ಇಂಥವನ ಅಮ್ಮ ಆಗುತ್ತಾಳೆ. ಅತ್ತಿಗೆ ಮಾತ್ರ ತಲೆ ನೆರೆತರೂ ಸೋಲ್ಮೆಯಾಗಿಯೇ ಉಳಿದರು.

ಹಾಗೆಂದು ಬಡಪಾಯಿ ಎಂದುಕೊಳ್ಳಬೇಡಿ. ಗಿರಣಿಗೆ ಬಂದರೆ ನನ್ನ ಬೆವರಿಳಿಸಿಯೇ ಹೋಗುತ್ತಿದ್ದರು.

“ಮೊದಲು ಕಲ್ಲು ಗುಡಿಸು.”

“ಗುಡಿಸಿದೀನಿ ಅತ್ತಿಗೆ.”

“ಯಾವಾಗ, ನಿನ್ನ ಮದುವೇಲಾ? ಹಿಂದಿನೋರ ಪುಡಿ ಇನ್ನೂ ಅಲ್ಲೇ ಕೂತಿದೆ. ಅದೇನು ಮೆಣಸಿನಕಾಯಾ, ಇಟ್ಟಿಗೆ ಪುಡಿ. ನನ್ನದಕ್ಕೆ ಬೆರೆಸಿದ್ರೆ ನೋಡು.”

ಅವರ ಮಾತಿನಲ್ಲಿ ನ್ಯಾಯವೂ ಇತ್ತು. ಊರಿನವರೆಲ್ಲ ಹೆಚ್ಚು ಕಾಯಿ ಬಿಡುವ ಹೊಸ ಬೀಜಕ್ಕೆ ಹೋಗಿ ಆಗಿತ್ತು. ಹಳೆಯ ಮೆಣಸಿನಕಾಯಿ ಉಳಿದಿದ್ದು ನನ್ನ ದೊಡ್ಡಮ್ಮನ, ಅಂದರೆ ಅತ್ತಿಗೆಯ ಅತ್ತೆಯ, ಮನೆಯಲ್ಲಿ ಮಾತ್ರ. ಕುಳ್ಳ, ದಪ್ಪ ಸಿಪ್ಪೆ, ತುದಿಯಲ್ಲಿ ಗಿಳಿಮೂಗಿನ ಕೊಂಕು. ಮೊದಲು ನಾಲಿಗೆಗೆ ಸಿಹಿ, ಆಮೇಲೆ ಕಿವಿಯ ತನಕ ಏರುವ ಖಾರ. ದೊಡ್ಡಮ್ಮನಿಗೆ ಅದು ಅವರ ಅತ್ತೆಯಿಂದ ಬಂದದ್ದು, ಆ ಅತ್ತೆಗೆ ಅವರ ಅತ್ತೆಯಿಂದ.

ಬೀಜ ಒಂದು ಸೋರೆಬುರುಡೆಯಲ್ಲಿತ್ತು. ಬುರುಡೆ ದೊಡ್ಡಮ್ಮನ ದಿಂಬಿನ ನೇರಕ್ಕೆ ತೊಲೆಯಲ್ಲಿ ನೇತಾಡುತ್ತಿತ್ತು. ಉಗ್ರಾಣದ ಬೀಗದ ಕೈಯನ್ನು ಸೊಸೆಗೆ ಕೊಟ್ಟು ಎಷ್ಟೋ ಕಾಲವಾಗಿತ್ತು, ಬುರುಡೆಯನ್ನು ಕೊಟ್ಟಿರಲಿಲ್ಲ. ಹಿಮ ಕರಗಿ ಕಪ್ಪೆಗಳು ಕೂಗತೊಡಗಿದಾಗ ದೊಡ್ಡಮ್ಮ ಸೊಂಟ ನೋವಿನಲ್ಲೂ ಹಿತ್ತಿಲಿಗೆ ಬಂದು ಬೀಜವನ್ನು ಬೂದಿಯಲ್ಲಿ ಕಲಸಿ ತಾವೇ ಚೆಲ್ಲುತ್ತಿದ್ದರು. ಸೊಸೆ ಹಿಂದೆ ಸರಿದು ನಿಂತಿರಬೇಕು. ಮಡಿ ಮಾಡಿದ್ದು ಸೊಸೆ, ಗೊಬ್ಬರ ಹೊತ್ತದ್ದು ಸೊಸೆ, ನಾಟಿ, ಕಳೆ, ಕೊಯ್ಲು, ಒಣಗಿಸುವುದು ಎಲ್ಲ ಸೊಸೆಯದೇ. ಬೀಜ ಮಾತ್ರ ಮುಟ್ಟುವಂತಿಲ್ಲ.

“ಹೆರದ ಕೈ ಮುಟ್ಟಿದ್ರೆ ಬೀಜ ಮೊಳೆಯಲ್ಲ,” ಎಂದು ದೊಡ್ಡಮ್ಮ ನನ್ನೆದುರಿಗೇ ಹೇಳಿದ್ದುಂಟು. ಸಿಟ್ಟಿನಿಂದಲ್ಲ. ಇವತ್ತು ಮೋಡ ಇದೆ ಎನ್ನುವಷ್ಟು ಸಲೀಸಾಗಿ. ನನಗೆ ಮೈಯೆಲ್ಲ ಉರಿದುಹೋಯಿತು.

ಒಮ್ಮೆ ಅತ್ತಿಗೆಯನ್ನು ಕೇಳಿದೆ, “ನಿಮಗೆ ಸಿಟ್ಟು ಬರಲ್ವಾ?”

“ಬರದೆ ಏನು. ಬಂದು ಇಲ್ಲೇ ಕೂತಿದೆ,” ಎಂದು ಎದೆಯ ಮೇಲೆ ಕೈಯಿಟ್ಟರು. “ಎಬ್ಬಿಸಿ ಕಳಿಸೋಣ ಅಂದ್ರೆ ಅದಕ್ಕೂ ಹೋಗೋಕೆ ಬೇರೆ ಮನೆ ಇಲ್ಲ.”

ಇನ್‌ಬೋಕ್ ಮದುವೆಯಾದ ಕೆಲವೇ ವರ್ಷಕ್ಕೆ ಕಲ್ಲಿದ್ದಲ ಗಣಿಯಲ್ಲಿ ಸತ್ತಿದ್ದ. ಅತ್ತಿಗೆ ಆಗಿನ್ನೂ ಚಿಕ್ಕವರು, ತವರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅತ್ತೆ ಇರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹಾಗೆಯೇ ಒಂದೇ ಒಲೆಯಲ್ಲಿ ಇಬ್ಬರು ಹೆಂಗಸರು ಮುದುಕಿಯರಾಗುತ್ತ ಬಂದರು.

ಇನ್ನು ಆ ಕೆಟ್ಟ ವರ್ಷದ ಮಾತು. ಊರಿನ ಹುಲ್ಲಿನ ಚಾವಣಿಗಳನ್ನೆಲ್ಲ ತೆಗೆಸಿ ಸಿಮೆಂಟ್ ಶೀಟು ಹೊದಿಸಿ ಎರಡು ವರ್ಷವಾಗಿತ್ತು. ನೋಡಲು ಚೆನ್ನ, ಸೋರುವುದಿಲ್ಲ ಎಂದು ಎಲ್ಲರೂ ಬೀಗಿದೆವು. ಹುಲ್ಲು ಉಸಿರಾಡುತ್ತಿತ್ತು, ಶೀಟು ಉಸಿರಾಡುವುದಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಒಳಗಿನ ಆವಿ ಶೀಟಿಗೆ ತಾಗಿ, ಬೆವರಾಗಿ, ತೊಲೆಯಗುಂಟ ಇಳಿದು ಬುರುಡೆಯ ಬಾಯಿಗೆ ಹನಿಯುತ್ತಿತ್ತು. ಆ ಬೇಸಿಗೆಯಲ್ಲಿ ಬಿಸಿಲೂ ಬರಲಿಲ್ಲ. ಭತ್ತ ಜೊಳ್ಳಾಯಿತು. ಹೊಲದಲ್ಲಿ ಮೆಣಸಿನಕಾಯಿ ಶರತ್ಕಾಲ ಬಂದರೂ ಹಸಿರಾಗಿಯೇ ನಿಂತಿತ್ತು. ಬೀಜಕ್ಕೆಂದು ಹುಡುಕಿದರೆ ಒಂದು ಕಾಯಿಯೂ ಕೆಂಪಾಗಿರಲಿಲ್ಲ.

ಪರವಾಗಿಲ್ಲ, ಹಳೇ ಬೀಜ ಇದೆಯಲ್ಲ ಎಂದು ದೊಡ್ಡಮ್ಮ ಬುರುಡೆ ಇಳಿಸಲು ನನ್ನನ್ನು ಕರೆದರು. ಇಳಿಸಿ ಕೊಟ್ಟೆ. ಮಡಿಲಲ್ಲಿ ಸುರಿದುಕೊಂಡರು. ಬಿದ್ದದ್ದು ಬೂದು ಬಣ್ಣದ ಬೂಷ್ಟಿನ ಹೆಂಟೆ. ದೊಡ್ಡಮ್ಮ ಅದನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡಿದರು. ಒಂದಾದರೂ ಗಟ್ಟಿ ಬೀಜ ಸಿಕ್ಕೀತೆಂದು ಬಾಯಿಗೂ ಹಾಕಿಕೊಂಡು ಕಚ್ಚಿದರು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿಬಿಟ್ಟರು.

“ಮುಗೀತು. ಮಗ ಹೋದ, ಮಗನ ಮಕ್ಕಳಿಲ್ಲ, ಈಗ ಬೀಜಾನೂ ಇಲ್ಲ. ಈ ಮನೇದು ಎಲ್ಲಾ ನನ್ನ ಜೊತೇಲೇ ಮುಗೀತು.”

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ನೋಡಲಾಗದೆ ನಾನು ಚಪ್ಪಲಿ ಹುಡುಕುವ ನೆಪ ಮಾಡಿದೆ. ಮನೆಯಲ್ಲಿ ಒಂದು ಜೀವ ಇದ್ದೂ ಎಲ್ಲ ಮುಗಿಯಿತು ಎಂದರೆ ಆ ಜೀವಕ್ಕೆ ಹೇಗಾಗಬೇಡ?

ಮೊದಲ ಮಂಜು ಬೀಳುವ ಹಿಂದಿನ ದಿನ ಅತ್ತಿಗೆ ಗುದ್ದಲಿ ಹಿಡಿದು ಹೊಲಕ್ಕೆ ಹೋದರು. ಊರೆಲ್ಲ ಗಿಡ ಕಿತ್ತು ಬೇಲಿಗೆಸೆಯುತ್ತಿರುವಾಗ ಇವರು ಆರು ಒಳ್ಳೆಯ ಗಿಡ ಆರಿಸಿ, ಬೇರಿನ ಮಣ್ಣು ಉದುರದಂತೆ ಅಗೆದು, ಕೊಂಬೆಗಳನ್ನು ಮೊಣಕೈ ಉದ್ದಕ್ಕೆ ಸವರಿ, ಬಾಯಿ ಒಡೆದ ಜಾಡಿಗಳಲ್ಲಿ ನೆಟ್ಟು ಒಂದೊಂದಾಗಿ ಹೊತ್ತು ತಂದರು. ಕೊನೆಯದನ್ನು ಬಿರುಕು ಬಿಟ್ಟ ದೊಡ್ಡ ಸೋಯಾ ಹರವಿಯಲ್ಲಿ ನೆಟ್ಟಿದ್ದರು, ಅದನ್ನು ಒಳಗೆ ತರಲು ನನ್ನ ಹೆಗಲೂ ಬೇಕಾಯಿತು.

ಬಾವಿಕಟ್ಟೆಯಲ್ಲಿ ನಗೆಯೋ ನಗೆ. ನನ್ನ ಹೆಂಡತಿಯ ನಾಲಿಗೆಗೆ ಹೇಳಬೇಕಾದ್ದೇ ಇಲ್ಲ. “ಸೋಲ್ಮೆ ಮೆಣಸಿನ ಗಿಡಕ್ಕೆ ಬಾಣಂತನ ಮಾಡ್ತಾಳಂತೆ. ಹಗ್ಗ ಯಾವಾಗ ಕಟ್ಟೋದು ಅಂತ ಕೇಳ್ರೇ,” ಎಂದಳಂತೆ. ಅತ್ತಿಗೆ ಕೊಡ ತುಂಬುತ್ತಿದ್ದವರು ಕೊಡ ಎತ್ತಿಕೊಂಡು ಹೊರಟುಹೋದರಂತೆ. ಮನೆಯಲ್ಲಿ ನಾನು ಕೂಗಾಡಿದೆ. “ತಮಾಷೆ ಮಾಡಿದ್ನಪ್ಪಾ, ಅದಕ್ಕೂ ತೆರಿಗೆನಾ?” ಎಂದು ಅವಳು ಪಾತ್ರೆ ಕುಕ್ಕಿದಳು. ಆದರೆ ಆ ರಾತ್ರಿ ಅವಳಿಗೂ ಊಟ ಸೇರಲಿಲ್ಲ.

ಚಳಿಗಾಲಕ್ಕೆಂದು ಎಲೆ ಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವ ಗಡಿಬಿಡಿ ಮುಗಿಯುವವರೆಗೆ ಗಿಡಗಳು ಅತ್ತಿಗೆಯ ಚಿಕ್ಕ ಕೋಣೆಯಲ್ಲಿದ್ದವು. ಆ ಕೋಣೆಗೆ ಬೆಂಕಿ ಹಾಕುವ ಪದ್ಧತಿಯೇ ಇರಲಿಲ್ಲ. ಸೌದೆ ಉಳಿಸಲು ಅತ್ತಿಗೆ ಅಲ್ಲಿ ದಪ್ಪ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದರು. ಹೊಳೆ ಹೆಪ್ಪುಗಟ್ಟಿದ ವಾರ ಎರಡು ಗಿಡ ಕಪ್ಪಗಾಗಿ ಸತ್ತವು. ಉಳಿದ ನಾಲ್ಕನ್ನು ಅತ್ತೆಯ ಕೋಣೆಗೆ ತರದೆ ಬೇರೆ ದಾರಿ ಇರಲಿಲ್ಲ. ಅಡುಗೆಮನೆಯ ಒಲೆಯ ಉರಿ ಆ ಕೋಣೆಯ ನೆಲದ ಕಲ್ಲುಗಳ ಕೆಳಗೆ ಹರಿಯುತ್ತದೆ. ಒಲೆಯ ಬದಿಯ ನೆಲ ಬೆನ್ನು ಸುಡುವಷ್ಟು ಬಿಸಿ, ಅದು ಮನೆಯ ಹಿರಿಯರ ಜಾಗ. ಎದುರು ಬದಿ, ಬಾಗಿಲ ಹತ್ತಿರ, ತಣ್ಣಗೆ. ಅತ್ತಿಗೆ ಗಿಡಗಳನ್ನು ಬಾಗಿಲ ಬದಿಗೆ, ಕಾಗದದ ಬಾಗಿಲಿನ ಬೆಳಕು ಬೀಳುವಲ್ಲಿ ಇಟ್ಟರು.

“ಸತ್ತ ಕಡ್ಡಿಗಳ ಜೊತೆ ನನ್ನ ಮಲಗಿಸ್ತೀಯೇನೇ?” ಎಂದರು ದೊಡ್ಡಮ್ಮ.

“ಸತ್ತಿಲ್ಲ ಅತ್ತೆ.”

ಆದರೆ ದಿನಕ್ಕೊಂದಿಷ್ಟು ಎಲೆ ಉದುರಿ, ವರ್ಷದ ಅತಿ ದೀರ್ಘ ರಾತ್ರಿ ಬಂದು ಕೆಂಪು ಕಾಳಿನ ಗಂಜಿ ಕುಡಿಯುವ ಹೊತ್ತಿಗೆ ಉಳಿದದ್ದು ಬರೀ ಕವಲು ಕಡ್ಡಿಗಳು. ಗಂಜಿ ಕುಡಿಯಲು ಹೋದಾಗ ನನಗೂ ಅನ್ನಿಸಿತು, ಈ ಹೆಂಗಸಿಗೆ ಹಟ ಹೆಚ್ಚು ಎಂದು. ಅನ್ನಿಸಿದ್ದನ್ನು ಅಂದೇಬಿಟ್ಟೆ.

ಅತ್ತಿಗೆ ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ತೋರಿಸಿದರು. ಸಿಪ್ಪೆಯ ಕೆಳಗೆ ಎಳೆ ಹಸಿರು ಗೆರೆ. ದೊಡ್ಡಮ್ಮನೂ ದಿಂಬಿನಿಂದ ತಲೆ ಎತ್ತಿ ನೋಡಿದರು.

“ಮೆಣಸಿನ ಗಿಡ ಒಂದು ವರ್ಷಕ್ಕಿಂತ ಹೆಚ್ಚು ಬದುಕುತ್ತೆ ಅಂತ ನಿಮಗೆ ಯಾರು ಹೇಳಿದ್ದು?” ಎಂದೆ.

ಅತ್ತಿಗೆ ಗಂಜಿ ಕಲಕುತ್ತ ಹೇಳಿದರು. “ನಿಮ್ಮಣ್ಣನ ಹೆಣ ಮೇಲೆ ತರೋ ತನಕ ನನ್ನ ಗಣಿಯ ಬಾಯ್ಲರ್ ಮನೇಲಿ ಕೂರಿಸಿದ್ರು. ಹೊರಗೆ ಚಳಿ ಅಂತ. ಅಲ್ಲಿ ಕಿಟಕೀಲಿ ಒಂದು ಎಣ್ಣೆ ಡಬ್ಬೀಲಿ ಮೆಣಸಿನ ಗಿಡ ಇತ್ತು. ಕಾಂಡ ಮರದ ಥರ. ಬಾಯ್ಲರ್ ಮುದುಕ ಹೇಳ್ದ, ಇದಕ್ಕೆ ಏಳು ವರ್ಷ ಕಣಮ್ಮ, ಚಳೀಲಿ ಬೋಳಾಗುತ್ತೆ, ಆಗ ನೀರು ಕೊಡಬಾರದು, ಬಿಸಿ ಮಾಡಬಾರದು, ನಿದ್ದೆ ಮಾಡೋಕೆ ಬಿಡಬೇಕು ಅಂತ. ಆವತ್ತೆಲ್ಲ ಆ ಗಿಡಾನೇ ನೋಡ್ತಾ ಕೂತಿದ್ದೆ. ಬೇರೆ ಕಡೆ ನೋಡೋಕೆ ಆಗ್ತಿರಲಿಲ್ಲ.”

ಗಂಡನ ಹೆಣಕ್ಕೆ ಕಾಯುತ್ತ ಗಿಡ ನೋಡುತ್ತಿದ್ದಳಂತೆ ಎಂದು ಊರು ಆಡಿಕೊಂಡೀತೆಂದು ಅವರು ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತು, ರೆಪ್ಪೆ ಒದ್ದೆಯಾಗಿತ್ತು.

ಚಳಿ ಅತಿ ಹೆಚ್ಚಿದ್ದ ದಿನಗಳಲ್ಲಿ ಸೋಲ್ಮೆಯಿಂದ ಸುದ್ದಿ ಬಂತು, ಅತ್ತಿಗೆಯ ಅಣ್ಣ ತೀರಿಕೊಂಡಿದ್ದ. ಹೋಗದಿರುವಂತಿಲ್ಲ. ಅತ್ತಿಗೆ ಅಡುಗೆ ಮಾಡಿಟ್ಟು, ನನ್ನ ಗಿರಣಿಗೆ ಬಂದು, “ಹೊತ್ತುಹೊತ್ತಿಗೆ ಒಲೆ ನೋಡ್ಕೋ. ಹಿತವಾಗಿ ಉರಿ ಹಾಕು, ಗಿಡಕ್ಕೆ ನೀರು ಗೀರು ಹಾಕ್ಬೇಡ. ನಾಳಿದ್ದು ಬಂದುಬಿಡ್ತೀನಿ,” ಎಂದು ಘಟ್ಟ ಹತ್ತಿದರು. ಅವರು ಆಚೆ ಇಳಿದ ಸಂಜೆಯೇ ಹಿಮ ಶುರುವಾಯಿತು. ಮೂರು ದಿನ ಬಿಡಲಿಲ್ಲ. ಘಟ್ಟದ ದಾರಿ ಮುಚ್ಚಿಹೋಯಿತು.

ಹಿತವಾಗಿ ಉರಿ ಹಾಕು ಎಂದರೆ ಗಂಡಸರಿಗೆ ಅರ್ಥವಾಗುವುದಿಲ್ಲ. ಮುದುಕಿ ದೊಡ್ಡಮ್ಮ ಒಬ್ಬರೇ ಇದ್ದಾರೆ, ಹೊರಗೆ ಉಗುಳು ನೆಲಕ್ಕೆ ಬೀಳುವ ಮೊದಲೇ ಹೆಪ್ಪುಗಟ್ಟುವ ಚಳಿ. ನಾನು ಪೈನ್ ಕೊರಡುಗಳನ್ನು ಮೂರು ಹೊತ್ತೂ ತುರುಕಿದೆ. ಅಡುಗೆಮನೆಯಿಂದಲೇ “ಬೆಚ್ಚಗಿದೆಯಾ ದೊಡ್ಡಮ್ಮಾ?” ಎಂದು ಕೂಗುವುದು, ಒಳಗಿನಿಂದ “ಇದೆ, ಇನ್ನೂ ಹಾಕು,” ಎಂದು ಬರುವುದು. ನನ್ನ ಹೆಂಡತಿ ಗಂಜಿ ತಂದು ಬಾಗಿಲ ಸಂದಿಯಿಂದ ಸರಿಸಿ ಹೋಗುತ್ತಿದ್ದಳು. ಬಾಗಿಲು ಪೂರ್ತಿ ತೆಗೆದರೆ ಬಿಸಿ ಹೋಗುತ್ತದೆ ಎಂದು ದೊಡ್ಡಮ್ಮ ಬಯ್ಯುತ್ತಿದ್ದರಂತೆ.

ಹಿಮ ನಿಂತ ಮಾರನೆಯ ದಿನ ಅತ್ತಿಗೆ ಸೊಂಟದ ತನಕ ಒದ್ದೆಯಾಗಿ, ಮೊಣಕಾಲಿಗೆ ಹುಲ್ಲು ಸುತ್ತಿಕೊಂಡು ಇಳಿದು ಬಂದರು. ನಾನೂ ಜೊತೆಗೆ ಹೋದೆ. ಅತ್ತಿಗೆ ಬಾಗಿಲು ಸರಿಸಿದರು.

ದೊಡ್ಡಮ್ಮ ಬಾಗಿಲ ಬದಿಯಲ್ಲಿ, ತಣ್ಣನೆ ನೆಲದ ಮೇಲೆ, ಹಳೆಯ ಕೋಟು ಹೊದ್ದು ಮುದುರಿ ಮಲಗಿದ್ದರು. ಅವರ ಹಾಸಿಗೆ ಒಲೆಯ ಬದಿಯಲ್ಲೇ ಇತ್ತು. ಆದರೆ ಅದರ ಮೇಲೆ ಮೂರು ಜಾಡಿಗಳು, ಅವುಗಳ ಸುತ್ತ ಹತ್ತಿಯ ದಪ್ಪ ರಜಾಯಿ, ಕಡ್ಡಿಗಳ ತಲೆ ಮಾತ್ರ ಹೊರಗೆ. ನಿಲ್ಲಲಾರದ ಮುದುಕಿ ಕೂತಲ್ಲೇ ಜಾಡಿಗಳನ್ನು ಒಂದೊಂದಾಗಿ ನೆಲದ ಮೇಲೆ ಎಳೆದು ತಂದಿದ್ದರು. ನನ್ನ ಕೊರಡುಗಳ ಉರಿಗೆ ಅಲ್ಲಿ ನೆಲಕ್ಕೆ ಅಂಟಿಸಿದ್ದ ಎಣ್ಣೆಕಾಗದ ಕಂದು ಬಣ್ಣಕ್ಕೆ ತಿರುಗಿತ್ತು.

“ಬಂದ್ಯಾ?” ಎಂದರು ದೊಡ್ಡಮ್ಮ, ದನಿ ಗೊರಗೊರ. “ನೋಡು, ಒಂದೂ ಚಳೀಲಿ ಬಿಟ್ಟಿಲ್ಲ. ಆ ದೊಡ್ಡ ಹರವಿ ಮಾತ್ರ ಅಲ್ಲಾಡಲಿಲ್ಲ. ಎಷ್ಟು ಎಳೆದ್ರೂ ಬರಲಿಲ್ಲ ಕಣೇ.”

ಅತ್ತಿಗೆ ಒಂದು ಜಾಡಿಯ ಮಣ್ಣಿನೊಳಗೆ ಬೆರಳು ತೂರಿಸಿದರು, ತಟ್ಟನೆ ತೆಗೆದರು. ಇನ್ನೊಂದನ್ನು ನೋಡಿದರು. ಈಗ ಬಯ್ಯುತ್ತಾರೆ, ಮೂವತ್ತು ವರ್ಷದ್ದೆಲ್ಲ ಈಗ ಹೊರಗೆ ಬರುತ್ತದೆ ಎಂದುಕೊಂಡೆ. ಬರಲಿ ಎಂದೂ ಅನ್ನಿಸಿತು. ಅತ್ತಿಗೆ ರಜಾಯಿಯನ್ನು ಪೂರ್ತಿ ಸರಿಸಿದರು. ಜಾಡಿಗಳ ನಡುವೆ, ನೆಲಕ್ಕೆ ಒತ್ತಿ, ಮುಚ್ಚಳ ಹಾಕಿದ ಹಿತ್ತಾಳೆಯ ಅನ್ನದ ಬಟ್ಟಲು ಇತ್ತು.

ನಮ್ಮಲ್ಲಿ ಮನೆಯವರು ಯಾರಾದರೂ ಹೊರಗೆ ಹೋಗಿ ತಡವಾದರೆ ಅವರ ಪಾಲಿನ ಅನ್ನವನ್ನು ಒಲೆಯ ಬದಿಯಲ್ಲಿ ರಜಾಯಿಯೊಳಗೆ ಬೆಚ್ಚಗೆ ಇಡುತ್ತಾರೆ. ಗಂಡನಿಗೆ ಇಡುತ್ತಾರೆ, ಮಗನಿಗೆ ಇಡುತ್ತಾರೆ. ಇನ್‌ಬೋಕ್ ಸತ್ತ ಮೇಲೂ ದೊಡ್ಡಮ್ಮ ಒಂದು ವರ್ಷ ಅವನಿಗೆ ಇಡುತ್ತಿದ್ದರು. ಸೊಸೆಗೆ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಇದು ಯಾರಿಗೆ ಅತ್ತೆ?” ಎಂದರು ಅತ್ತಿಗೆ.

“ಯಾರಿಗೆ ಅಂದ್ರೆ? ಹೊರಗೆ ಹೋಗಿದ್ದು ಯಾರು, ನಾಯಿನಾ? ನಾಳಿದ್ದು ಬರ್ತೀನಿ ಅಂದೋಳು ಬರಲೇ ಇಲ್ಲ. ಡಾಲ್ಸು ಹೆಂಡ್ತಿ ತಂದಿದ್ರಲ್ಲೇ ತೆಗೆದು ದಿನಾ ಬದಲಾಯಿಸಿ ಇಟ್ಟೆ. ತಿನ್ನು, ಬಿಸಿಯಿದೆ.”

ಅತ್ತಿಗೆ ಒದ್ದೆ ಬಟ್ಟೆಯಲ್ಲೇ ಕೂತು, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಆಲೂಗಡ್ಡೆ ಹಾಕಿದ ಆ ಬಾರ್ಲಿ ಅನ್ನವನ್ನು ಒಂದು ಅಗುಳೂ ಬಿಡದೆ ತಿಂದರು. ತಿನ್ನುತ್ತ ಅಳುತ್ತಿದ್ದರು. ಗಿಡ ಬೆಂದುಹೋಯಿತೆಂದು ಅಳುತ್ತಿದ್ದರೋ, ಅನ್ನ ಬೆಚ್ಚಗಿದೆಯೆಂದೋ, ಕೇಳುವ ಧೈರ್ಯ ನನಗಾಗಲಿಲ್ಲ. ಎರಡೂ ಇರಬೇಕು. ನಾನು ಅಡುಗೆಮನೆಗೆ ಹೋಗಿ ಒಲೆಯಿಂದ ಅರ್ಧದಷ್ಟು ಕೊರಡು ಹೊರಗೆಳೆದು ಹಾಕಿದೆ.

ಮೂರೂ ಗಿಡಗಳು ಹದಿನೈದು ದಿನದಲ್ಲಿ ಬುಡದಿಂದ ಮೇಲಕ್ಕೆ ಕಪ್ಪಾದವು. ಅತ್ತಿಗೆ ಒಂದನ್ನು ಕಿತ್ತರೆ ಬೇರು ಬೇಯಿಸಿದ ಸೊಪ್ಪಿನಂತೆ ಕೈಗೆ ಅಂಟಿತು. ಅದನ್ನು ಮರೆಯಲ್ಲಿ ಎಸೆಯಲು ಹೊರಟವರನ್ನು ದೊಡ್ಡಮ್ಮ ತಡೆದರು. “ತಾ ಇಲ್ಲಿ. ಬಚ್ಚಿಡಬೇಡ.” ಬೇರನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಆ ಮೂರು ದಿನ ತಣ್ಣನೆಯ ಬದಿಯಲ್ಲಿ ಮಲಗಿದ್ದಕ್ಕೆ ಹತ್ತಿದ ಕೆಮ್ಮು ಆಗಲೇ ಎದೆಗೆ ಇಳಿದಿತ್ತು.

ಉಳಿದದ್ದು ಹರವಿಯ ಗಿಡ ಒಂದೇ. ಅದು ಸತ್ತರೆ ಆ ಮೆಣಸಿನಕಾಯಿ ಭೂಮಿಯ ಮೇಲೆ ಇಲ್ಲ. ಅತ್ತಿಗೆ ದಿನವೂ ಬೆಳಿಗ್ಗೆ ಉಗುರಿನಿಂದ ಕೆರೆದು ನೋಡುವುದನ್ನೂ ಬಿಟ್ಟರು, ಕೆರೆದೂ ಕೆರೆದೂ ಕೊಂದುಬಿಟ್ಟೇನೆಂದು. ನಾನು ಹೋದಾಗಲೆಲ್ಲ ಮೊದಲು ಕಣ್ಣು ಹೋಗುತ್ತಿದ್ದುದು ಬಾಗಿಲ ಬದಿಗೆ. ಬಾವಿಕಟ್ಟೆಯಲ್ಲಿ ಈಗ ನಗು ಇರಲಿಲ್ಲ. ನನ್ನ ಹೆಂಡತಿಯೇ “ಹೇಗಿದೆಯಂತೆ?” ಎಂದು ಕೇಳುತ್ತಿದ್ದಳು. ದೊಡ್ಡಮ್ಮನ ಬಗ್ಗೆ ಕೇಳುತ್ತಿದ್ದಳೋ ಗಿಡದ ಬಗ್ಗೆಯೋ ಅವಳೇ ಹೇಳಬೇಕು.

ಮನೆಯ ಸೂರಿನ ಹಿಮಗಡ್ಡೆಗಳು ಹನಿಯತೊಡಗಿದ ಒಂದು ಮಧ್ಯಾಹ್ನ ಅತ್ತಿಗೆ ನನ್ನನ್ನು ಕರೆಸಿದರು. ದೊಡ್ಡಮ್ಮ ಕೇಳಿದ್ದರಂತೆ. ಒಳಗೆ ಹೋದರೆ ದೊಡ್ಡಮ್ಮ ಬಾಗಿಲ ಬದಿಯಲ್ಲಿ, ಹರವಿಯ ಪಕ್ಕದಲ್ಲಿ ಮಲಗಿದ್ದರು. ಒಲೆಯ ಬದಿಗೆ ಹೋಗಲು ಒಪ್ಪುತ್ತಿರಲಿಲ್ಲ. “ಅಲ್ಲಿ ಇವಳು ಮಲಗ್ತಾಳೆ ಇನ್ಮೇಲೆ,” ಎಂದರು. ಹರವಿಯ ಕಡ್ಡಿಯ ಕವಲಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹಸಿರು ಚಿಗುರು ಇತ್ತು. ಅದನ್ನು ನನಗೆ ಬೆರಳೆತ್ತಿ ತೋರಿಸಿದರು.

“ಹೆತ್ತೋಳ ಕೈ ಮೂರನ್ನ ಬೇಯಿಸ್ತು ಕಣೋ ಡಾಲ್ಸು. ನನ್ನ ಕೈ ತಲುಪದೇ ಇದ್ದಿದ್ದು ಬದುಕ್ತು. ನಾನು ಇವಳಿಗೆ ಏನೇನಂದೆ, ನೀನೇ ಕೇಳಿದೀಯಲ್ಲ.”

“ಬಿಡಿ ದೊಡ್ಡಮ್ಮ.”

“ಬಿಡೋಕೆ ನಿಂಗೇನು, ಅಂದಿದ್ದು ನಾನು.” ಕೆಮ್ಮಿ ಸುಧಾರಿಸಿಕೊಂಡರು. ಅತ್ತಿಗೆ ನೀರು ಕಾಯಿಸಲು ಅಡುಗೆಮನೆಗೆ ಹೋದುದನ್ನು ನೋಡಿ ದನಿ ತಗ್ಗಿಸಿದರು. “ಒಂದು ಹಗ್ಗ ಹೊಸಿ. ಎಡಕ್ಕೆ. ನಿನ್ನ ಗಿರಣೀಲಿ ಇಟ್ಕೋ, ಇವಳಿಗೆ ಹೇಳ್ಬೇಡ. ಈ ಗಿಡದಲ್ಲಿ ಮೊದಲ ಕಾಯಿ ಕೆಂಪಾದ ದಿನ ನಮ್ಮನೆ ಬಾಗಿಲಿಗೆ ಕಟ್ಟು.”

“ದೊಡ್ಡಮ್ಮ, ಊರವರು ಏನಂತಾರೆ?”

“ಊರವರಿಗೆ ಕಾಣಲಿ ಅಂತಲೇ ಕಟ್ಟು ಅನ್ನೋದು.”

ಬೂಷ್ಟು ತೊಳೆದು ಒಣಗಿಸಿದ್ದ ಸೋರೆಬುರುಡೆಯನ್ನು ಅವರೇ ಸೊಸೆಯ ಕೈಗೆ ಕೊಟ್ಟರಂತೆ. ಚಿಗುರು ಎರಡು ಎಲೆಯಾಗಿ ಬಿಚ್ಚಿಕೊಂಡ ವಾರ ದೊಡ್ಡಮ್ಮ ಹೋದರು. ಸತ್ತವರ ಎಡೆಗೆ ನಾವು ಖಾರ ಇಡುವುದಿಲ್ಲ, ಕೆಂಪು ಕಂಡರೆ ಆತ್ಮ ಹತ್ತಿರ ಬರುವುದಿಲ್ಲವಂತೆ. ಅತ್ತಿಗೆ ಎಲ್ಲವನ್ನೂ ಬೆಳ್ಳಗೆ, ಸಪ್ಪೆಯಾಗಿ ಬೇಯಿಸಿ ಬಡಿಸಿ, “ಜೀವಮಾನವೆಲ್ಲ ಖಾರ ತಿಂದೋರು, ಇದನ್ನ ಹೇಗೆ ತಿಂತಾರೋ,” ಎಂದು ಅತ್ತರು. ಅತ್ತೆಗಾಗಿ ಅಷ್ಟು ಅಳುವ ಸೊಸೆಯನ್ನು ನಮ್ಮೂರು ನೋಡಿರಲಿಲ್ಲ.

ಗಿಡವನ್ನು ಅವರು ಅಂಗಳದಲ್ಲಿ ಸೋಯಾ ಜಾಡಿಗಳ ಕಟ್ಟೆಯ ಪಕ್ಕ, ಬಿಸಿಲಿಗೆ ಇಳಿಸಿದರು. ಹಳೆಯ ಬೇರಾದ್ದರಿಂದ ಊರಿನ ಸಸಿಗಳು ಮೊಣಕಾಲೆತ್ತರ ಬರುವಷ್ಟರಲ್ಲಿ ಅದು ಕವಲೊಡೆದು ಹೂ ಬಿಟ್ಟಾಗಿತ್ತು. ಕಾಯಿಗಳಿಗೆ ಅದೇ ಗಿಳಿಮೂಗಿನ ಕೊಂಕು. ಅತ್ತಿಗೆ ಪ್ರತಿ ಕಾಯಿಯನ್ನೂ ಗುರುತಿಟ್ಟುಕೊಂಡಿದ್ದರು. ಕೋಳಿ ಹತ್ತಿರ ಹೋದರೆ ಕೋಳಿಗೂ ಅದನ್ನು ಸಾಕಿದವರಿಗೂ ಸೇರಿ ಮಂಗಳಾರತಿ.

ಮಳೆಗಾಲ ನಿಂತು ಬಿಸಿಲು ಬಿದ್ದ ಬೆಳಿಗ್ಗೆ ಬೇಲಿಯಿಂದ ಇಣುಕಿದೆ. ಎರಡು ಕಾಯಿ ಪೂರ್ತಿ ಕೆಂಪಾಗಿದ್ದವು. ಅತ್ತಿಗೆ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದರು. ನಾನು ಓಡಿ ಹೋಗಿ ಗಿರಣಿಯ ಅಟ್ಟದಿಂದ ಹಗ್ಗ ಇಳಿಸಿದೆ. ಸೂತಕದ ವರ್ಷ ತುಂಬದ ಮನೆಗೆ ಬಾಣಂತಿಯ ಹಗ್ಗ ಕಟ್ಟುವುದೇ ಎಂದು ಹಿರಿಯರು ಬಯ್ಯುತ್ತಾರೆಂದು ಗೊತ್ತಿತ್ತು. ಬಯ್ಯಲಿ. ನನ್ನ ಹೆಂಡತಿ ಏನೋ ಎಂದು ಹೊರಗೆ ಬಂದವಳು ಹಗ್ಗ ನೋಡಿದಳು, ನನ್ನ ಮುಖ ನೋಡಿದಳು. ಒಳಗೆ ಹೋಗಿ ಇದ್ದಿಲು ತಂದಳು. ಹಿತ್ತಿಲಿನಿಂದ ಪೈನ್ ಚಿಗುರೂ ಕಿತ್ತು ತಂದಳು.

“ಇದ್ಯಾಕೆ?” ಎಂದೆ.

“ಗಿಡ ಗಂಡೋ ಹೆಣ್ಣೋ ಯಾರಿಗ್ಗೊತ್ತು? ಎರಡೂ ಸಿಕ್ಕಿಸು,” ಎಂದಳು. ನಗುತ್ತಿರಲಿಲ್ಲ.

ಎರಡು ಕೆಂಪು ಕಾಯಿ ಕದ್ದು ಸಿಕ್ಕಿಸಿ, ಬಾಗಿಲ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಮುಗಿಸುವಷ್ಟರಲ್ಲಿ ಅತ್ತಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡರು. ದೂರದಿಂದ ಹಗ್ಗ ಕಂಡದ್ದೇ ತಡ, ಕಾಲು ತಾನಾಗಿ ಹೊಳೆದಂಡೆಯ ಕಡೆ ತಿರುಗಿತು. ನಾಲ್ಕು ಹೆಜ್ಜೆ ಹೋಗಿಯೂ ಬಿಟ್ಟರು. ಆಮೇಲೆ ನಿಂತರು. ಈ ಓಣಿಯ ತುದಿಯಲ್ಲಿ ಇರುವುದು ತಮ್ಮದೊಂದೇ ಮನೆ ಎಂದು ನೆನಪಾಗಿರಬೇಕು.

ಹತ್ತಿರ ಬಂದು ಹಗ್ಗದ ಈಚೆ ನಿಂತರು. ಬುಟ್ಟಿಯಿಂದ ನೀರು ಭುಜದ ಮೇಲೆ ತೊಟ್ಟಿಕ್ಕುತ್ತಿತ್ತು.

“ನನ್ನ ಕಾಯಿ ಕಿತ್ತೋನು ನೀನೇನಾ?”

“ನಾನೇ ಅತ್ತಿಗೆ. ಬೀಜ ಹಾಳಾಗಲ್ಲ, ಹಗ್ಗದಲ್ಲೇ ಒಣಗುತ್ತೆ. ದೊಡ್ಡಮ್ಮ ಹೇಳಿದ್ರು, ಮೊದಲ ಕಾಯಿ ಕೆಂಪಾದ ದಿನ ಕಟ್ಟು ಅಂತ. ಅವರ ಮುಂದೇನೇ ಒಪ್ಕೊಂಡಿದ್ದೆ.”

ಅವರು ಹಗ್ಗವನ್ನೇ ನೋಡುತ್ತಿದ್ದರು. ಕೆಂಪು ಕಾಯಿ, ಇದ್ದಿಲು, ಹಸಿರು ಚಿಗುರು. ಒಳಗೆ ಹೋಗಲು ಕಾಲೆತ್ತಲಿಲ್ಲ. ಜೀವಮಾನವೆಲ್ಲ ಸುತ್ತು ಹಾಕಿಕೊಂಡು ಹೋದ ಹೆಂಗಸು, ತನ್ನದೇ ಮನೆಯ ಬಾಗಿಲಲ್ಲಿ ಅಪ್ಪಣೆಗೆ ಕಾಯುವವರಂತೆ ನಿಂತಿದ್ದರು.

“ಇದನ್ನ ಯಾರು ದಾಟಬಹುದು?” ಎಂದು ಕೇಳಿದರು, ಗೊತ್ತಿಲ್ಲದವರಂತೆ.

“ಮನೆಯವರು, ಅತ್ತಿಗೆ.”

ಅತ್ತಿಗೆ ಬುಟ್ಟಿಯನ್ನು ತಲೆಯಿಂದ ಇಳಿಸಿ ಸೊಂಟಕ್ಕೆ ಇಟ್ಟುಕೊಂಡರು, ಹಗ್ಗಕ್ಕೆ ಕೂದಲೂ ತಾಗದಂತೆ ತಲೆ ಬಗ್ಗಿಸಿದರು, ಒಳಗೆ ಹೋದರು. ನಾನು ಹೊರಗೇ ನಿಂತೆ.